ಕಲಬುರಗಿ ಸೀಮೆಯ ಕ್ರೈಸ್ತ ಸಭೆಗಳು: ಸ್ಪರ್ಧೆಯಿಂದ ಸಹಕಾರದ ಕಡೆಗೆ

ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಇಂತಹ ಲೇಖನಗಳಲ್ಲಿ ಸಾಮಾನ್ಯವಾಗಿ ಏನೇನು ಬರುತ್ತದೆ ಎಂಬುದು ನಮ್ಮ ಕಣ್ಣಮುಂದೆ ಸುಳಿಯಿತು. ಅಸ್ತಿಭಾರದ ದಿನ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ಗಂಟೆಯ ಗೋಪುರಕ್ಕೆ ದಾನವಿತ್ತ ಮಹನೀಯರು, ಕನ್ಯಾಸ್ತ್ರೀಯರ ಶಾಲೆಯ ಬೆಳವಣಿಗೆ. ಇವೆಲ್ಲವೂ ಸ್ಮರಣೀಯವೇ, ಅವುಗಳಿಗೆ ಬೇರೆ ಪುಟಗಳು ಮೀಸಲಾಗಿವೆ. ನಾವು ಆರಿಸಿಕೊಂಡಿರುವುದು ಇಂತಹ ಸಂಚಿಕೆಗಳಲ್ಲಿ ಪ್ರಾಯಶಃ ಬಾರದ ಅಧ್ಯಾಯವನ್ನು. ಒಂದೇ ಯೇಸುಸ್ವಾಮಿಯನ್ನು ಪೂಜಿಸುವ ನಾವು ಮತ್ತು ನಮ್ಮ ನೆರೆಯ ಸಭೆಗಳವರು ಈ ಬಿಸಿಲುನಾಡಿನಲ್ಲಿ ಒಬ್ಬರನ್ನೊಬ್ಬರು ಹೇಗೆ ಕಂಡೆವು, ಹೊಸ ಊರುಗಳಲ್ಲಿ ವಿಶ್ವಾಸದ ಬೀಜ ಬಿತ್ತುವಾಗ ಯಾವ ಯಾವ ಬೇಲಿಗಳನ್ನು ಹಾಕಿಕೊಂಡೆವು, ಅವುಗಳಲ್ಲಿ ಯಾವುವು ಬಿದ್ದವು, ಯಾವುವು ಇನ್ನೂ ನಿಂತಿವೆ ಎಂಬುದೇ ಆ ಅಧ್ಯಾಯ.

ಮೊದಲು ನಮ್ಮ ಮನೆಯ ಕಥೆ. ಪ್ರೊಟೆಸ್ಟಂಟ ಮಿಶನರಿಗಳು ಕನ್ನಡ ನಾಡಿಗೆ ಬಂದು ನಮ್ಮೊಡನೆ ಜಗಳ ತೆಗೆದರೆಂದು ಹೇಳುವ ರೂಢಿಯುಂಟು. ಆದರೆ ಅವರ ಸಭೆಗಳು ಇಲ್ಲಿ ಬಲಗೊಳ್ಳುವ ಮೊದಲೇ ಕಥೋಲಿಕರು ತಮ್ಮತಮ್ಮೊಳಗೇ ಒಡೆದುಕೊಂಡಿದ್ದರು. ಗೋವೆಯ ಪೋರ್ತುಗೀಸ್ ರಾಜನ ಪೋಷಕಾಧಿಕಾರ ಒಂದು ಕಡೆ, ರೋಮಿನ ಪ್ರೊಪಗಾಂಡ ಮಂಡಲಿ ಮತ್ತೊಂದು ಕಡೆ. ೧೬೨೨ರಲ್ಲಿ ಸ್ಥಾಪಿತವಾದ ಈ ಮಂಡಲಿಯು ಕಳುಹಿಸಿದ ಗುರುಗಳನ್ನು ಗೋವೆಯವರು ಒಪ್ಪಲಿಲ್ಲ. ಗೋವೆಯವರ ಹಕ್ಕನ್ನು ಇವರು ಒಪ್ಪಲಿಲ್ಲ. ಜಗದ್ಗುರು ಹದಿನಾರನೆಯ ಗ್ರೆಗೋರಿಯವರು ೧೮೩೮ರಲ್ಲಿ ಹೊರಡಿಸಿದ ಆಜ್ಞಾಪತ್ರದಿಂದ ಜಗಳ ತಣ್ಣಗಾಗುವ ಬದಲು ಇನ್ನಷ್ಟು ಕಾವೇರಿತು. ಮಂಗಳೂರಿನಲ್ಲಿ ಕೆಲವರು ಗೋವೆಯ ಪಕ್ಷ, ಕೆಲವರು ವರಾಪುಳದ ಪಕ್ಷ. ಬೊಂಬಾಯಿಯಲ್ಲಿ ಒಂದೇ ನಗರದಲ್ಲಿ ಎರಡು ಅಧಿಕಾರಗಳು ೧೯೨೮ರವರೆಗೂ ಅಕ್ಕಪಕ್ಕದಲ್ಲಿ ನಡೆದವು. ಮದರಾಸಿನಲ್ಲಿ ಮೈಲಾಪುರದ ಪೀಠ ಮತ್ತು ಮದರಾಸಿನ ಪೀಠ ಒಂದಾದುದು ೧೯೫೨ರಲ್ಲಿ, ಅಂದರೆ ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ. ವಿಶ್ವಾಸದಲ್ಲಿ ಒಂದು ಅಕ್ಷರದ ಭೇದವೂ ಇಲ್ಲದ, ಒಂದೇ ಲತೀನ್ ಭಾಷೆಯಲ್ಲಿ ಒಂದೇ ಪೂಜೆ ಮಾಡುತ್ತಿದ್ದ ಗುರುಗಳ ನಡುವಿನ ವಿಚಾರವಿದು. ಇದನ್ನು ಧರ್ಮಶಾಸ್ತ್ರದ ವಿವಾದವೆಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ. ಅಹಂಕಾರವೆಂಬ ಹಳೆಯ ಹೆಸರೇ ಸಾಕು.

ಪ್ರೊಪಗಾಂಡದವರ ಕ್ರಮವೂ ಒಂದು ಬಗೆಯ ಹಂಚಿಕೆಯೇ. ಮೈಸೂರು ಸೀಮೆಯನ್ನು ಪ್ಯಾರಿಸ್ಸಿನ ವಿದೇಶ ಪ್ರೇಷಿತ ಸಂಸ್ಥೆಗೆ ಒಪ್ಪಿಸಿದರು. ಮಂಗಳೂರನ್ನು ಕಾರ್ಮೆಲ್ ಸಭೆಯವರು ನೋಡಿಕೊಂಡರು; ೧೮೭೮ರ ಕೊನೆಯ ದಿನ ಯೇಸುಸಭೆಯವರು ಅಲ್ಲಿಗೆ ಕಾಲಿಟ್ಟರು. ನಿಜಾಮರ ರಾಜ್ಯವು ೧೮೫೧ರಲ್ಲಿ ಪ್ರತ್ಯೇಕ ಪ್ರೇಷಿತ ಪ್ರಾಂತವಾಯಿತು. ಐರ್ಲೆಂಡಿನ ಡೇನಿಯಲ್ ಮರ್ಫಿಯವರು ಅದರ ಮೊದಲ ಅಧ್ಯಕ್ಷರು. ಅನಂತರ ಮಿಲಾನಿನ ಗುರುಗಳು ಅದರ ಹೊಣೆ ಹೊತ್ತರು. ೧೮೮೬ರಲ್ಲಿ ಹೈದರಾಬಾದು ಧರ್ಮಕ್ಷೇತ್ರವಾಯಿತು. ಹೀಗೆ ಕನ್ನಡ ಮಾತನಾಡುವ ಕಥೋಲಿಕರು ಫ್ರೆಂಚರ, ಇಟಲಿಯವರ, ಗೋವೆಯವರ ಕೈಯಲ್ಲಿ ಹಂಚಿಹೋದರು. ಬಿಜಾಪುರದ ಆದಿಲಶಾಹಿಯ ಕಾಲದಿಂದಲೂ ಕ್ರೈಸ್ತರಿದ್ದ ಮುದಗಲ್ಲಿನಂತಹ ಪುರಾತನ ನೆಲೆಯವರಿಗೂ ಮಂಗಳೂರಿನ ಕಥೋಲಿಕರಿಗೂ ಒಬ್ಬರ ಹಾಡು ಒಬ್ಬರಿಗೆ ತಿಳಿಯದಂತಾಯಿತು. ಅವರು ಕನ್ನಡದವರು, ಇವರು ಕೊಂಕಣಿಯವರು ಎಂಬುದೂ ಅದಕ್ಕೆ ಸೇರಿಕೊಂಡಿತು.

ಇನ್ನು ನೆರೆಮನೆಯ ಕಥೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರು ಬಳ್ಳಾರಿಗೆ ಬಂದುದು ೧೮೧೦ರಲ್ಲಿ. ಅದೇ ಮಿಶನ್ನಿನ ಜೋಸೆಫ್ ಟೇಲರರು ಬೆಳಗಾವಿಗೆ ಹೋದುದು ೧೮೨೦ರಲ್ಲಿ. ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ೧೮೩೭ರಲ್ಲಿ ಧಾರವಾಡಕ್ಕೂ ಆಮೇಲೆ ಹುಬ್ಬಳ್ಳಿ, ಬೆಟಗೇರಿಗಳಿಗೂ ವಿಸ್ತರಿಸಿದರು. ವೆಸ್ಲಿಯನ್ನರು ಮೈಸೂರು ಸಂಸ್ಥಾನದಲ್ಲಿ ನೆಲೆಯೂರಿದರು. ಇವರಲ್ಲಿ ಒಬ್ಬರು ಜರ್ಮನರು, ಒಬ್ಬರು ಇಂಗ್ಲಿಷರು.  ಆದರೂ ಒಂದು ಮಾತನ್ನು ನಾವು ಮೆಚ್ಚಲೇಬೇಕು. ಮೊಗ್ಲಿಂಗರು ೧೮೪೩ರ ಜುಲೈ ೧ರಂದು ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ವು ಮರುವರ್ಷವೇ ಲಂಡನ್ ಮಿಶನ್ನಿನವರ ಕಾರ್ಯಕ್ಷೇತ್ರವಾಗಿದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಪತ್ರಿಕೆಗೆ ತಮ್ಮ ಊರಿನ ಹೆಸರೇ ಇರಲಿ ಎಂದು ಮಂಗಳೂರಿನವರು ಹಟ ಹಿಡಿಯಲಿಲ್ಲ. ಚಿಕ್ಕ ಸಂಗತಿ, ಆದರೆ ಹೆಸರು ಬಿಟ್ಟುಕೊಡುವುದು ಎಷ್ಟು ಕಷ್ಟವೆಂಬುದು ದೇವಾಲಯದ ಅಮೃತಶಿಲೆಯ ಫಲಕಗಳ ಮೇಲೆ ಹೆಸರು ಕೆತ್ತಿಸುವವರಿಗೆಲ್ಲ ಗೊತ್ತು.

ಪ್ರೊಟೆಸ್ಟಂಟ ಮಿಶನ್ನುಗಳು ಕ್ರಮೇಣ ಕ್ಷೇತ್ರ ಹಂಚಿಕೆಯ ಒಪ್ಪಂದಗಳನ್ನು ಮಾಡಿಕೊಂಡವು. ಒಬ್ಬರು ಕೆಲಸ ಮಾಡುವ ತಾಲೂಕಿನಲ್ಲಿ ಇನ್ನೊಬ್ಬರು ಕಾಲಿಡಬಾರದು. ಒಬ್ಬರ ಸಭೆಯಿಂದ ಶಿಸ್ತಿನ ಕಾರಣಕ್ಕೆ ಹೊರಹಾಕಿದವನನ್ನು ಇನ್ನೊಬ್ಬರು ಉಪದೇಶಿಯಾಗಿ ನೇಮಿಸಿಕೊಳ್ಳಬಾರದು. ಒಬ್ಬರಿಗೆ ಸಾಕಲಾಗದ ಠಾಣೆಯನ್ನು ಮತ್ತೊಬ್ಬರಿಗೆ ಒಪ್ಪಿಸಬೇಕು. ಬೆಳಗಾವಿಯಲ್ಲಿ ಲಂಡನ್ ಮಿಶನ್ನಿನವರು ಎಂಟು ದಶಕಗಳಿಗೂ ಮಿಕ್ಕಿ ದುಡಿದ ಮೇಲೆ ೧೯೦೪ರಲ್ಲಿ ಅದನ್ನು ಅಮೆರಿಕನ್ ಮೆಥೊಡಿಸ್ಟರಿಗೆ ವಹಿಸಿ ಹಿಂದೆ ಸರಿದರು. ಶಾಲೆ, ಪ್ರಾರ್ಥನಾಲಯ, ಮನೆಗಳು, ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯರು ಕೈ ಬದಲಾದರು. ತಾವು ನೆಟ್ಟ ಗಿಡದ ಹಣ್ಣನ್ನು ಇನ್ನೊಬ್ಬರ ಬುಟ್ಟಿಗೆ ಹಾಕಿ ಹೋಗುವುದಕ್ಕೆ ಬೇಕಾದ ಮನಸ್ಸು ಎಂಥದು! ಕೊರಿಂಥದ ಸಭೆಯಲ್ಲಿ ಪೌಲನ ಪಕ್ಷ, ಅಪೊಲೋಸನ ಪಕ್ಷವೆಂದು ಕಚ್ಚಾಡಿದವರಿಗೆ ಸಂತ ಪೌಲರು ಕಲಿಸಲು ಯತ್ನಿಸಿದ ಪಾಠವಿದು.

ಆದರೆ ಈ ಹಂಚಿಕೆಗೆ ಇನ್ನೊಂದು ಮುಖವೂ ಇತ್ತು. ಯಾವ ಸಭೆಗೆ ಸೇರಬೇಕೆಂಬುದನ್ನು ಊರಿನ ಬಡವನು ತೀರ್ಮಾನಿಸಲಿಲ್ಲ; ನಕಾಶೆಯ ಮೇಲಿನ ಗೆರೆ ತೀರ್ಮಾನಿಸಿತು. ಹುಬ್ಬಳ್ಳಿಯಲ್ಲಿ ಹುಟ್ಟಿದರೆ ಬಾಸೆಲಿನವನು, ಬಳ್ಳಾರಿಯಲ್ಲಿ ಹುಟ್ಟಿದರೆ ಲಂಡನ್ನಿನವನು, ಕಲಬುರಗಿಯಲ್ಲಿ ಹುಟ್ಟಿದರೆ ಮೆಥೊಡಿಸ್ಟನು. ತಾನು ಕಾಣದ ಯುರೋಪಿನ ಊರುಗಳ, ತಾನು ಕೇಳದ ಜಗಳಗಳ ಹೆಸರನ್ನು ಹೊತ್ತು ಆತ ಬಾಳಬೇಕಾಯಿತು. ಮದುವೆಯ ಸಂಬಂಧ ಬೆಳೆಸುವಾಗಲಂತೂ ಈ ಹೆಸರುಗಳು ಹೊಸ ಜಾತಿಗಳಂತೆಯೇ ಅಡ್ಡಬಂದವು. ಹಳೆಯ ಜಾತಿಗಳಾದರೂ ಎಲ್ಲಿ ಹೋಗಿದ್ದವು? ಕಲಬುರಗಿ, ಬೀದರ ಸೀಮೆಗಳ ಗ್ರಾಮಗಳಲ್ಲಿ ಕ್ರಿಸ್ತನನ್ನು ಒಪ್ಪಿಕೊಂಡವರಲ್ಲಿ ಬಹುಪಾಲು ಜನರು ಊರಾಚೆಯ ಕೇರಿಗಳವರು. ಅವರು ಗುಂಪುಗುಂಪಾಗಿ, ಕೇರಿಗೆ ಕೇರಿಯೇ ಬಂದರು. ಮೆಥೊಡಿಸ್ಟ್ ಬಿಷಪ್ ವಾಸ್ಕಂ ಪಿಕೆಟ್ಟರು ಇಂತಹ ಸಾಮೂಹಿಕ ಚಳವಳಿಗಳನ್ನು ಕುರಿತು ೧೯೩೩ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನಕ್ಕೆ ಆರಿಸಿಕೊಂಡ ಪ್ರದೇಶಗಳಲ್ಲಿ ನಿಜಾಮ ರಾಜ್ಯದ ವಿಕಾರಾಬಾದವೂ ಒಂದು.

ಕಲಬುರಗಿಗೆ ಹೊರಗಿನ ಲೋಕವನ್ನು ತಂದುದು ಉಗಿಬಂಡಿ. ಬೊಂಬಾಯಿಯಿಂದ ಬಂದ ರೈಲು ಹಾದಿ ೧೮೭೧ರಲ್ಲಿ ಕಲಬುರಗಿಯ ಮೂಲಕ ರಾಯಚೂರನ್ನು ಸೇರಿ ಮದರಾಸಿನ ಹಾದಿಯೊಡನೆ ಕೂಡಿಕೊಂಡಿತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಕವಲು ಹೊರಟಿತು. ಅದೇ ವರ್ಷಗಳಲ್ಲಿ ಅಮೆರಿಕನ್ ಮೆಥೊಡಿಸ್ಟರ ವಿಲಿಯಂ ಟೇಲರರು ಬೊಂಬಾಯಿ, ಮದರಾಸು, ಬೆಂಗಳೂರುಗಳಲ್ಲಿ ಸಂಚರಿಸಿ, ವಿದೇಶದ ಹಣವನ್ನು ನಂಬದೆ ಇಲ್ಲಿನ ರೈಲ್ವೆ ನೌಕರರೇ ಮೊದಲಾದ ಇಂಗ್ಲಿಷ್ ಮಾತನಾಡುವ ಜನರಲ್ಲಿ ಸ್ವಾವಲಂಬಿ ಸಭೆಗಳನ್ನು ಕಟ್ಟುತ್ತಿದ್ದರು. ರೈಲಿನ ಹಾದಿಯಲ್ಲೇ ಅವರ ಸಭೆಯೂ ಬೆಳೆಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಮೆಥೊಡಿಸ್ಟರು ಕಲಬುರಗಿಯಲ್ಲಿ ಬೇರೂರಿದ್ದರು. ಮುಂದೆ ಬೀದರ, ಯಾದಗಿರಿಗಳಲ್ಲಿ ಅವರ ಆಸ್ಪತ್ರೆಗಳೂ ಶಾಲೆಗಳೂ ಎದ್ದವು. ಯಾದಗಿರಿಯ ಹೋಲ್ಸ್‌ಟನ್ ಆಸ್ಪತ್ರೆಗೆ ಹೋದ ರೋಗಿಗಳಲ್ಲಿ ನಮ್ಮವರೂ ಇದ್ದರು ಎಂದು ಹೇಳಲು ದಾಖಲೆಯೇನೂ ಬೇಕಾಗದು. ಜ್ವರಕ್ಕೆ ಯಾವ ಸಭೆಯೆಂದು ಗೊತ್ತಿಲ್ಲ.

ಹಂಚಿಕೆ ಸಾಲದು, ಒಂದಾಗಬೇಕು ಎಂಬ ಕೂಗು ಎದ್ದುದು ಭಾರತೀಯರ ಬಾಯಿಂದ. ತಿರುನೆಲ್ವೇಲಿ ಸೀಮೆಯ ವೇದನಾಯಗಂ ಸ್ಯಾಮುವೆಲ್ ಅಜರಾಯರು ೧೯೧೦ರಲ್ಲಿ ಎಡಿನ್‌ಬರೋದ ವಿಶ್ವ ಮಿಶನರಿ ಸಮ್ಮೇಳನದಲ್ಲಿ ಎದ್ದು ನಿಂತು, ಬಿಳಿಯ ಮಿಶನರಿಗಳು ತಮ್ಮ ಭಾರತೀಯ ಸಹೋದ್ಯೋಗಿಗಳೊಡನೆ ಒಂದೇ ಮೇಜಿನಲ್ಲಿ ಕುಳಿತು ಉಣ್ಣಲೂ ಹಿಂಜರಿಯುತ್ತಾರೆಂದು ಮುಖಕ್ಕೆ ಹೇಳಿ, ತಮಗೆ ಬೇಕಾದವರು ಧಣಿಗಳಲ್ಲ, ಗೆಳೆಯರು ಎಂದು ಕೇಳಿಕೊಂಡರು. ಆ ಸಮ್ಮೇಳನಕ್ಕೆ ಕಥೋಲಿಕರು ಹೋಗಿರಲಿಲ್ಲ. ಆದರೆ ಇಟಲಿಯ ಕ್ರೆಮೋನದ ವೃದ್ಧ ಬಿಷಪ್ ಬೊನೊಮೆಲ್ಲಿಯವರು ಸ್ನೇಹದ ಪತ್ರವೊಂದನ್ನು ಬರೆದು ಕಳುಹಿಸಿದರು; ಅದನ್ನು ಅಲ್ಲಿ ಓದಲಾಯಿತು. ಆ ಕಾಲದಲ್ಲಿ ಕಥೋಲಿಕ ಬಿಷಪ್ಪರೊಬ್ಬರು ಹಾಗೆ ಬರೆಯುವುದು ಸಾಮಾನ್ಯ ಧೈರ್ಯವಲ್ಲ.

ಅಜರಾಯರು ೧೯೧೨ರಲ್ಲಿ ನಿಜಾಮ ರಾಜ್ಯದ ದೋರ್ಣಕಲ್ಲಿಗೆ ಆಂಗ್ಲಿಕನ್ ಸಭೆಯ ಬಿಷಪ್ಪರಾದರು. ಆ ಸಭೆಯಲ್ಲಿ ಬಿಷಪ್ ಪದವಿಗೇರಿದ ಮೊದಲ ಭಾರತೀಯರು ಅವರೇ. ೧೯೧೯ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಮೂವತ್ತಮೂರು ಮಂದಿ ಸಭಾಪಾಲಕರು ಸೇರಿದರು. ಇಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರೇ. ತಮ್ಮನ್ನು ಬೇರ್ಪಡಿಸಿರುವ ಗೋಡೆಗಳನ್ನು ತಾವು ಕಟ್ಟಲಿಲ್ಲ, ಅವು ಹೊರಗಿನಿಂದ ಬಂದವು ಎಂದು ಅವರು ಸಾರಿದರು. ಗೋಡೆಗಳನ್ನು ಕೆಡವಲು ಮಾತ್ರ ಇಪ್ಪತ್ತೆಂಟು ವರ್ಷ ಹಿಡಿಯಿತು. ಎಲ್ಲಕ್ಕಿಂತ ಕಠಿಣವಾಗಿದ್ದ ಪ್ರಶ್ನೆ ಒಂದೇ: ಬಿಷಪ್ಪರ ಕೈಯಿಂದ ಅಭಿಷೇಕ ಪಡೆಯದ ಸಭಾಪಾಲಕರು ಮತ್ತೆ ಅಭಿಷೇಕ ಪಡೆಯಬೇಕೆ? ಪಡೆಯಬೇಕೆಂದರೆ ಅವರ ಇಷ್ಟು ವರ್ಷದ ಸೇವೆಯನ್ನು ಅಲ್ಲಗಳೆದಂತೆ. ಬೇಡವೆಂದರೆ ಆಂಗ್ಲಿಕನ್ನರು ಪರಂಪರೆಯೆಂದು ಕಾಪಾಡಿಕೊಂಡು ಬಂದುದನ್ನು ಬಿಟ್ಟುಕೊಟ್ಟಂತೆ. ಕೊನೆಗೆ ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಾಗಿದರು. ಮುಂದೆ ಎಲ್ಲ ಅಭಿಷೇಕಗಳೂ ಬಿಷಪ್ಪರಿಂದಲೇ ಆಗಬೇಕು, ಆದರೆ ಈಗಾಗಲೇ ಸೇವೆಯಲ್ಲಿರುವವರಿಗೆ ಮರು ಅಭಿಷೇಕ ಬೇಡ ಎಂದು ಒಪ್ಪಿಕೊಂಡರು. ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನ ಸಂತ ಜಾರ್ಜ್ ದೇವಾಲಯದಲ್ಲಿ ದಕ್ಷಿಣ ಭಾರತ ಸಭೆ ಜನ್ಮ ತಾಳಿತು. ಅದಕ್ಕಾಗಿ ಬಾಳನ್ನೇ ತೇಯ್ದ ಅಜರಾಯರು ೧೯೪೫ರ ಜನವರಿ ೧ರಂದೇ ತೀರಿಕೊಂಡಿದ್ದರು.

ಅಪೊಸ್ತಲಿಕ ಉತ್ತರಾಧಿಕಾರವನ್ನು ಕುರಿತ ನಮ್ಮ ಧರ್ಮಸಭೆಯ ಬೋಧನೆ ಬೇರೆ; ಆ ಒಪ್ಪಂದವನ್ನು ನಾವು ನಮ್ಮದೆಂದು ಹೇಳಲಾರೆವು. ಆದರೂ ಬಾಗುವುದನ್ನು ಕಲಿತವರನ್ನು ಕಂಡು ಗೌರವಿಸದಿರುವುದು ಹೇಗೆ?

ಆದರೆ ಕಲಬುರಗಿಯ ವಿಷಯದಲ್ಲಿ ಒಂದು ವೈಚಿತ್ರ್ಯವಿದೆ. ದಕ್ಷಿಣ ಭಾರತ ಸಭೆಯನ್ನು ಸೇರಿದವರು ಆಂಗ್ಲಿಕನ್ನರು, ಬ್ರಿಟಿಷ್ ಮೂಲದ ವೆಸ್ಲಿಯನ್ನರು ಮತ್ತು ೧೯೦೮ರಲ್ಲಿ ರೂಪುಗೊಂಡ ಐಕ್ಯ ಸಭೆಯವರು. ಅಮೆರಿಕನ್ ಮೂಲದ ಮೆಥೊಡಿಸ್ಟರು ಸೇರಲಿಲ್ಲ. ಉತ್ತರ ಭಾರತ ಸಭೆ ೧೯೭೦ರ ನವೆಂಬರ್ ೨೯ರಂದು ನಾಗಪುರದಲ್ಲಿ ಉದಯವಾದಾಗಲೂ, ಮಾತುಕತೆಗಳಲ್ಲಿ ಕೊನೆಯವರೆಗೆ ಪಾಲ್ಗೊಂಡಿದ್ದ ಅವರು ಕೊನೆಯ ಘಳಿಗೆಯಲ್ಲಿ ಹಿಂದೆಗೆದರು. ೧೯೮೧ರಲ್ಲಿ ಅವರದು ಭಾರತದ ಸ್ವಾಯತ್ತ ಮೆಥೊಡಿಸ್ಟ್ ಸಭೆಯಾಯಿತು. ಹೀಗಾಗಿ ಐಕ್ಯದ ಎರಡು ಮಹಾ ಅಲೆಗಳು ಉತ್ತರಕ್ಕೂ ದಕ್ಷಿಣಕ್ಕೂ ಹರಿದರೂ, ಕಲಬುರಗಿ ಮತ್ತು ಬೀದರದ ಕ್ರೈಸ್ತರಲ್ಲಿ ಬಹುಸಂಖ್ಯಾತರಾದ ಮೆಥೊಡಿಸ್ಟರೂ, ಅವರ ಪಕ್ಕದಲ್ಲಿರುವ ಕಥೋಲಿಕರಾದ ನಾವೂ ದಡದ ಮೇಲೆಯೇ ಉಳಿದೆವು. ಐಕ್ಯವನ್ನು ಕುರಿತ ಗ್ರಂಥಗಳಲ್ಲಿ ನಮ್ಮ ಸೀಮೆಗೆ ಒಂದು ಪುಟ ದೊರೆಯದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ನಮ್ಮ ಕಡೆಯ ಗೋಡೆಗಳಾದರೋ ಶಾಸನಬದ್ಧವಾಗಿದ್ದವು. ೧೯೧೭ರ ಧರ್ಮಸಭಾ ಕಾನೂನು ಸಂಹಿತೆಯು ಕಥೋಲಿಕರು ಅನ್ಯ ಸಭೆಗಳ ಆರಾಧನೆಯಲ್ಲಿ ಕ್ರಿಯಾತ್ಮಕವಾಗಿ ಭಾಗವಹಿಸುವುದನ್ನು ನಿಷೇಧಿಸಿತ್ತು. ನೆರೆಯವರ ಮದುವೆಗೆ ಹೋದವರು ಬಾಗಿಲ ಬಳಿ ನಿಂತು ಅಕ್ಷತೆಯ ಹೊತ್ತಿಗೆ ಹಿಂತಿರುಗಿದ ಪ್ರಸಂಗಗಳನ್ನು ಹಿರಿಯರಿಂದ ನಾವು ಕೇಳಿದ್ದೇವೆ. ಅವರೂ ನಮ್ಮನ್ನು ವಿಗ್ರಹಾರಾಧಕರೆಂದರು. ನಾವೂ ಅವರನ್ನು ದಾರಿತಪ್ಪಿದವರೆಂದೆವು. ಎಷ್ಟೋ ಪಟ್ಟಣಗಳ ಸ್ಮಶಾನಗಳಲ್ಲಿಯೂ ನಡುವೆ ಗೋಡೆ ಎದ್ದಿದೆ. ಭಾಷೆಯಲ್ಲೂ ಗೋಡೆ. ಅವರದು ಸುವಾರ್ತೆ, ನಮ್ಮದು ಶುಭಸಂದೇಶ. ಅವರಿಗೆ ಅಪೊಸ್ತಲರು, ನಮಗೆ ಪ್ರೇಷಿತರು. ಅವರದು ಕರ್ತನ ಭೋಜನ, ನಮ್ಮದು ದಿವ್ಯ ಬಲಿಪೂಜೆ. ಹಳ್ಳಿಯ ಹೊಸ ವಿಶ್ವಾಸಿಯೊಬ್ಬನು ಎರಡೂ ಕಡೆಯ ಉಪದೇಶಗಳನ್ನು ಕೇಳಿದರೆ ಇವರಿಬ್ಬರೂ ಬೇರೆ ಬೇರೆ ದೇವರನ್ನು ಸಾರುತ್ತಿದ್ದಾರೆಂದು ಭಾವಿಸಿದರೆ ಅವನ ತಪ್ಪಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆ ಈ ಗೋಡೆಗಳಿಗೆ ಬಾಗಿಲಿಟ್ಟಿತು. ೧೯೬೪ರ ನವೆಂಬರ್ ೨೧ರಂದು ಹೊರಟ ಕ್ರೈಸ್ತ ಐಕ್ಯದ ಆಜ್ಞಾಪತ್ರವು ಒಡಕಿಗೆ ಎರಡೂ ಕಡೆಯವರು ಹೊಣೆಗಾರರೆಂದು ಒಪ್ಪಿಕೊಂಡಿತು. ಅದಾದ ಕೆಲವೇ ದಿನಗಳಲ್ಲಿ ಜಗದ್ಗುರು ಆರನೆಯ ಪೌಲರು ಬೊಂಬಾಯಿಯ ಪರಮಪ್ರಸಾದ ಸಮ್ಮೇಳನಕ್ಕೆ ದಯಮಾಡಿಸಿದರು. ಮರುವರ್ಷದ ಡಿಸೆಂಬರ್ ೭ರಂದು ಹೊರಬಂದ ಪ್ರೇಷಿತ ಕಾರ್ಯದ ಆಜ್ಞಾಪತ್ರವು ಇನ್ನೂ ಮುಂದೆ ಹೋಗಿ, ಹೊಸ ಸಭೆಗಳು ಬೇರೂರುವ ನಾಡುಗಳಲ್ಲಿ ಅರ್ಥವಿಲ್ಲದ ಪೈಪೋಟಿಯನ್ನು ಬಿಟ್ಟು, ಇತರ ಕ್ರೈಸ್ತರೊಡನೆ ಸಹೋದರ ಭಾವದಿಂದ ಸಹಕರಿಸಬೇಕೆಂದು ಕಥೋಲಿಕರಿಗೆ ಹೇಳಿತು. ವಿಶ್ವಾಸದ ಭೇದಗಳನ್ನು ಕಲಸಿಬಿಡಬೇಕೆಂದು ಅದು ಹೇಳಲಿಲ್ಲ ಎಂಬುದನ್ನೂ ಗಮನಿಸಬೇಕು. ಮಿಶ್ರ ವಿವಾಹದ ನಿಯಮಗಳು ೧೯೭೦ರಲ್ಲಿ ಸಡಿಲಗೊಂಡವು. ೧೯೮೩ರ ಹೊಸ ಸಂಹಿತೆಯಲ್ಲಿ, ಅನ್ಯ ಸಭೆಯಲ್ಲಿ ಸರಿಯಾಗಿ ಸ್ನಾನದೀಕ್ಷೆ ಪಡೆದವರಿಗೆ ಗಂಭೀರ ಸಂಶಯವಿಲ್ಲದೆ ಮತ್ತೆ ದೀಕ್ಷೆ ಕೊಡಕೂಡದೆಂಬುದು ಸ್ಪಷ್ಟವಾಯಿತು. ಇದು ಕಾಗದದ ಮೇಲಿನ ಚಿಕ್ಕ ವಾಕ್ಯ. ಆದರೆ ಮೆಥೊಡಿಸ್ಟ್ ಉಪದೇಶಿಯು ದಶಕಗಳ ಹಿಂದೆ ಯಾವುದೋ ಹಳ್ಳಿಯ ಬಾವಿಯ ದಂಡೆಯಲ್ಲಿ ತ್ರಿತ್ವದ ನಾಮದಲ್ಲಿ ನೀರೆರೆದದ್ದು ನಿಜವಾದ ಸ್ನಾನದೀಕ್ಷೆಯೇ ಎಂದು ನಾವು ಒಪ್ಪಿದಂತಾಯಿತು. ಹೀಗೆ ಒಪ್ಪಿಕೊಂಡ ಮೇಲೆ, ಆ ಹಳ್ಳಿಯವರನ್ನು ನಮ್ಮ ಪಟ್ಟಿಗೆ ಸೇರಿಸಿಕೊಂಡು ‘ಹೊಸ ಕ್ರೈಸ್ತರು’ ಎಂದು ಲೆಕ್ಕ ತೋರಿಸುವುದು ನ್ಯಾಯವಲ್ಲ. ಹಾಗೆಯೇ ನಮ್ಮವರನ್ನು ಮತ್ತೆ ನೀರಿನಲ್ಲಿ ಮುಳುಗಿಸಿ ಎಣಿಸಿಕೊಳ್ಳುವವರ ಲೆಕ್ಕವೂ ನ್ಯಾಯವಲ್ಲ.

ಭಾಷೆಯ ಗೋಡೆಗೂ ಬಾಗಿಲು ದೊರೆತಿದೆ. ಭಾರತೀಯ ಬೈಬಲ್ ಸಂಘವು ಪ್ರಕಟಿಸಿದ ಸರಳ ಕನ್ನಡದ ಅನುವಾದವು ನಮ್ಮ ದೇವಾಲಯಗಳಿಗೂ ಬಂದಿದೆ. ಹಳೆಯ ಸತ್ಯವೇದದ ‘ಯೆಹೋವ’ನು ಅದರಲ್ಲಿ ‘ಸರ್ವೇಶ್ವರ’ನಾಗಿದ್ದಾನೆ. ಕಿವಿಗೆ ಹೊಸದೆನಿಸಿದವರು ಎರಡೂ ಕಡೆ ಇದ್ದಾರೆ. ಹಳೆಯ ಅನುವಾದದ ಗಾಂಭೀರ್ಯವನ್ನು ನಾವೂ ಒಮ್ಮೊಮ್ಮೆ ನೆನೆಯುವುದುಂಟು.

೨೦೦೫ರಲ್ಲಿ ಕಲಬುರಗಿ ಪ್ರತ್ಯೇಕ ಧರ್ಮಕ್ಷೇತ್ರವಾಗಿ, ಪೂಜ್ಯ ರಾಬರ್ಟ್ ಮೈಕಲ್ ಮಿರಾಂಡರು ಅದರ ಪ್ರಥಮ ಧರ್ಮಾಧ್ಯಕ್ಷರಾದರು. ಮರುವರ್ಷ, ಅಂದರೆ ೨೦೦೬ರ ಜುಲೈನಲ್ಲಿ, ವಿಶ್ವ ಮೆಥೊಡಿಸ್ಟ್ ಪರಿಷತ್ತು ಕೊರಿಯಾದ ಸೋಲ್ ನಗರದಲ್ಲಿ ಸೇರಿ, ಮನುಷ್ಯನು ದೇವರ ಮುಂದೆ ನೀತಿವಂತನೆನಿಸುವ ಬಗೆಯನ್ನು ಕುರಿತು ಕಥೋಲಿಕರೂ ಲೂಥರನ್ನರೂ ೧೯೯೯ರಲ್ಲಿ ಮಾಡಿಕೊಂಡಿದ್ದ ಜಂಟಿ ಘೋಷಣೆಗೆ ತನ್ನ ಸಮ್ಮತಿಯನ್ನು ಸೇರಿಸಿತು. ಯುರೋಪನ್ನು ಇಬ್ಭಾಗ ಮಾಡಿದ ವಿವಾದವದು. ಆ ವಿಷಯದಲ್ಲಿ ಕಲಬುರಗಿಯ ಮೆಥೊಡಿಸ್ಟನಿಗೂ ಕಥೋಲಿಕನಿಗೂ ನಡುವೆ ಈಗ ಮೂಲಭೂತ ಜಗಳವಿಲ್ಲ. ಈ ಸುದ್ದಿ ಸೋಲ್‌ನಿಂದ ಕಲಬುರಗಿಗೆ ಬಂದು ಮುಟ್ಟಿತೆ ಎಂಬುದು ಬೇರೆ ಪ್ರಶ್ನೆ.

ಇನ್ನು ಕಮಲಾಪುರದ ಮಾತು. ಹಂಪೆಯ ಬಳಿಯ ಕಮಲಾಪುರವಲ್ಲ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲಿನ, ಕೆಂ‍ಪು ಬಾಳೆಗೆ ಹೆಸರಾದ ಕಮಲಾಪುರ. ಇತ್ತೀಚಿನ ವರ್ಷಗಳಲ್ಲಿ ಅದು ತಾಲೂಕು ಕೇಂದ್ರವಾಯಿತು. ೨೦೧೭ರ ಅಕ್ಟೋಬರಿನಲ್ಲಿ ಬೀದರ-ಕಲಬುರಗಿ ರೈಲು ಹಾದಿಯೂ ತೆರೆಯಿತು. ತಾಲೂಕು ಕಚೇರಿ, ಶಾಲೆ, ಆಸ್ಪತ್ರೆಗಳು ಬಂದಲ್ಲಿ ನೌಕರರು ಬರುತ್ತಾರೆ. ಅವರಲ್ಲಿ ಬೀದರದ ಕಡೆಯ ಮೆಥೊಡಿಸ್ಟ್ ಶಿಕ್ಷಕಿಯೂ, ಮುದಗಲ್ಲಿನ ಕಥೋಲಿಕ ಗುಮಾಸ್ತನೂ, ಯಾವ ಹೆಸರೂ ಬೇಡವೆನ್ನುವ ಪ್ರಾರ್ಥನಾ ಕೂಟದವರೂ ಇರಬಹುದು. ಇಂತಹ ಊರಿನಲ್ಲಿ ಹಿಂದೆ ನಡೆದಂತೆ ನಡೆದರೆ ಏನಾದೀತೆಂಬುದು ನಮಗೆ ತಿಳಿದೇ ಇದೆ. ಮೂರು ಬಾಡಿಗೆ ಕೋಣೆಗಳು, ಮೂರು ಧ್ವನಿವರ್ಧಕಗಳು, ಒಂದೊಂದರಲ್ಲಿ ಎಂಟೋ ಹತ್ತೋ ಮಂದಿ. ಊರಿನ ಜನ ಮೂರನ್ನೂ ನೋಡಿ ನಕ್ಕಾರು.

ಬೇರೆ ದಾರಿ ಇಲ್ಲವೆಂದೇನಲ್ಲ. ೧೯೯೩ರಲ್ಲಿ ರೋಮಿನಿಂದ ಹೊರಟ ಐಕ್ಯ ನಿರ್ದೇಶಿಕೆಯು, ಅಗತ್ಯವಿದ್ದಲ್ಲಿ ಧರ್ಮಾಧ್ಯಕ್ಷರ ಅನುಮತಿಯೊಡನೆ ಇತರ ಕ್ರೈಸ್ತ ಸಭೆಗಳೊಂದಿಗೆ ಕಟ್ಟಡವನ್ನು ಹಂಚಿಕೊಂಡು ಬಳಸಲು ಅವಕಾಶವಿತ್ತಿದೆ. ಇಂಗ್ಲೆಂಡಿನಲ್ಲಿ ಇದಕ್ಕಾಗಿಯೇ ೧೯೬೯ರಲ್ಲಿ ಕಾಯಿದೆಯಾಯಿತು. ಕಥೋಲಿಕರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಪರಮಪ್ರಸಾದವನ್ನು ಹಂಚಿಕೊಳ್ಳುವ ಕಾಲ ಬಂದಿಲ್ಲ; ಆ ನೋವನ್ನು ಮರೆಮಾಚುವುದೂ ಸರಿಯಲ್ಲ. ಆದರೆ ಒಂದೇ ಸೂರಿನಡಿ ಬೆಳಗಿನ ಒಂದು ಹೊತ್ತು ಒಬ್ಬರದು, ಇನ್ನೊಂದು ಹೊತ್ತು ಇನ್ನೊಬ್ಬರದು ಎಂದಾಗಲು ಯಾವ ಶಾಸ್ತ್ರವೂ ಅಡ್ಡಿಯಿಲ್ಲ. ಮಕ್ಕಳಿಗೆ ಬೈಬಲ್ ಪಾಠ ಒಟ್ಟಿಗೆ ಆಗಬಹುದು. ಜನವರಿ ೧೮ರಿಂದ ೨೫ರವರೆಗಿನ ಐಕ್ಯ ಪ್ರಾರ್ಥನಾ ಸಪ್ತಾಹದಲ್ಲಿ ಒಂದು ಸಂಜೆ ಫೋಟೋ ತೆಗೆಸಿಕೊಂಡು ಮುಗಿಸುವುದಕ್ಕಿಂತ ಇದು ಹೆಚ್ಚು ಫಲಪ್ರದವೆಂದು ನಾವು ಬಗೆಯುತ್ತೇವೆ. ಅಡ್ಡಿಯಿರುವುದು ಬೇರೆ ಕಡೆ: ಬೀಗದ ಕೈ ಯಾರ ಬಳಿ, ಹೊರಗಿನ ಫಲಕದಲ್ಲಿ ಯಾರ ಹೆಸರು ಮೇಲೆ, ಕ್ರಿಸ್ಮಸ್ ರಾತ್ರಿ ಮೊದಲ ಆರಾಧನೆ ಯಾರದು.

ಇವೆಲ್ಲಕ್ಕೂ ಮೊದಲು ಬರುವುದು ಸ್ಮಶಾನದ ಪ್ರಶ್ನೆ. ಹೊಸ ಊರಿಗೆ ಬಂದ ನಾಲ್ಕು ಕುಟುಂಬಗಳಲ್ಲಿ ಒಬ್ಬರು ತೀರಿಕೊಂಡಾಗಲೇ ಕ್ರೈಸ್ತರಿಗೆ ಆರಡಿ ನೆಲವಿಲ್ಲವೆಂಬುದು ಅರಿವಾಗುತ್ತದೆ. ಆಗ ಕಥೋಲಿಕರ ಅರ್ಜಿ ಒಂದು, ಮೆಥೊಡಿಸ್ಟರ ಅರ್ಜಿ ಇನ್ನೊಂದು ಹೋದರೆ ತಹಶೀಲ್ದಾರರು ಎರಡನ್ನೂ ಬದಿಗಿಡುವುದು ಸಹಜ. ಒಂದೇ ಅರ್ಜಿ ಹೋಗಲಿ, ಎಲ್ಲ ಕುಟುಂಬಗಳ ಹೆಸರೂ ಅದರಲ್ಲಿರಲಿ, ನಡುವೆ ಗೋಡೆ ಕಟ್ಟುವುದಿಲ್ಲವೆಂದೂ ಅದರಲ್ಲಿಯೇ ಬರೆದಿರಲಿ. ಕೆಳಗೆ ಗುರುಗಳ ಸಹಿ ಮೊದಲೋ, ಸಭಾಪಾಲಕರ ಸಹಿ ಮೊದಲೋ ಎಂಬ ಚರ್ಚೆ ಏಳದೆ ಇರದು. ಇಬ್ಬರಲ್ಲಿ ವಯಸ್ಸಿನಲ್ಲಿ ಹಿರಿಯರಾದವರು ಮೊದಲು ಹಾಕಲೆಂದು ನಮ್ಮ ಸಲಹೆ.